ಅಧಿಕ ಮಾಸದ ಅಳಿಯ

ಮೊನ್ನೆ ವಾಡಿ ಸ್ಟೇಷನ್ನಿನಲ್ಲಿ ಚಿತ್ತಾಪುರದ ಗಾಡಿಗೆ ಕಾಯುತ್ತ ಕೂತಿದ್ದೆ. ಬಾಜೂಕ ಕೂತ ಹೆಣ್ಣುಮಗಳು ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆದಳು ನೋಡ್ರಿ, ಅಕ್ಕಿ ಹಿಟ್ಟು-ಬೆಲ್ಲ ಕಲಸಿ ತುಪ್ಪದಲ್ಲಿ ಕರಿದ ಅನಾರಸದ ವಾಸನೆ ಗಮ್ಮಂತ ಬಂತು. ಈ ವರ್ಷ ಅಧಿಕ ಮಾಸ. ಯಾರೋ ಅಳಿಯನ ಪಾಲಿನವು ಅವು. ನನ್ನ ಮೋರೆ ನೋಡಿ ಆಕೆಗೆ ಏನನ್ನಿಸಿತೋ, ಒಂದು ತಗೋರಿ ಅಂದಳು. ನಾನು ಬ್ಯಾಡ ಬ್ಯಾಡ ಅನ್ನುತ್ತಲೇ ಕೈ ಚಾಚಿದೆ. ಅನಾರಸದ ಮುಂದೆ ನನ್ನ ಸಂಕೋಚ ಯಾವತ್ತೂ ಹೆಚ್ಚು ಹೊತ್ತು ನಿಂತದ್ದಿಲ್ಲ.

ಅಧಿಕ ಮಾಸ ಅಂದರೆ ನಮ್ಮ ಕಡೆ ಅಳಿಯಂದಿರ ಸುಗ್ಗಿ. ಮೂರು ವರ್ಷಕ್ಕೊಮ್ಮೆ ಬರುವ ಈ ಹೆಚ್ಚಿನ ತಿಂಗಳಲ್ಲಿ ಮಗಳು-ಅಳಿಯನನ್ನು ಕರೆದು, ಎಣ್ಣೆ ಹಚ್ಚಿ ನೀರು ಎರೆದು, ಮೂವತ್ತಮೂರು ಅನಾರಸ ತಾಟಿನಲ್ಲಿಟ್ಟು, ದೀಪದ ಸಮೇತ ಅಳಿಯನ ಕೈಗೆ ಕೊಡುತ್ತಾರೆ. ಚಿತ್ತಾಪುರದ ನಮ್ಮ ಅಜ್ಜಿಯ ಮನೆಗೂ ಒಬ್ಬ ಅಳಿಯ ಬರುತ್ತಿದ್ದರು. ಅಪ್ಪನ ತಂಗಿ ಇಂದೂ ಅತ್ಯಾನ ಗಂಡ, ನಮಗೆಲ್ಲ ಮಾಮಾ. ಅವರ ಹೆಸರು ಹೇಳಿದರೆ ನೀವು ಈಗಲೇ ಯಾವುದಾದರೂ ಹಾಡು ಗುನುಗತೊಡಗುತ್ತೀರಿ, ಅದಕ್ಕೇ ಹೇಳೋದಿಲ್ಲ. ಸಿನೆಮಾಕ್ಕೆ ಸಂಗೀತ ಕೊಡುವವರು. ಆಗ ಸುಲೇಪೇಟದ ಹೋಟೆಲಿನಿಂದ ಹಿಡಿದು ಚಿಂಚೋಳಿ ಬಸ್ಸಿನ ತನಕ ಅವರ ಹಾಡು ಕೇಳದ ಜಾಗ ಇರಲಿಲ್ಲ.

ಶಹಾಬಾದದ ಸಾಲೆಯಲ್ಲಿ ನಾನು ಅವರ ಹೆಸರಿನ ಮೇಲೆ ಬೇಕಾದಷ್ಟು ಬಡಾಯಿ ಕೊಚ್ಚಿದ್ದೇನೆ. ತಾಟು ಬಿದ್ದ ಸಪ್ಪಳ ಕೇಳಿ ಅದು ಯಾವ ಸ್ವರ ಅಂತ ಹೇಳುತ್ತಾರೆ ಅಂತ ಒಂದು. ನಿದ್ದೆಯಲ್ಲೇ ಹಾಡು ಕಟ್ಟುತ್ತಾರೆ ಅಂತ ಇನ್ನೊಂದು. ಖರೆ ಹೇಳಬೇಕಂದರೆ, ಒಮ್ಮೆ ಅಡಿಗೆಮನೆಯಲ್ಲಿ ತಾಟು ಬಿದ್ದಾಗ ಅವರು ಕೇಳಿದ್ದು, ಯಾರ ಕಾಲ ಮೇಲೆ ಬಿತ್ತು ಅಂತ ಮಾತ್ರ. ಇನ್ನು ನಿದ್ದೆ. ಹಸಿ ಟವೆಲ್ಲು ಎದೆಯ ಮೇಲೆ ಹಾಕಿಕೊಂಡು, ಪಡಸಾಲೆಯ ತಂಪು ಫರ್ಸಿ ಕಲ್ಲಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆಗೆ ರಾಗ ಹಾಗಿರಲಿ, ತಾಳವೂ ಇರಲಿಲ್ಲ.

ಇನ್ನೊಂದು ಸಂಗತಿ ಯಾವ ಪೇಪರಿನಲ್ಲೂ ಬಂದಿಲ್ಲ. ಆರತಿಯ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಸೇರಿ, ಒಡಪು ಹಾಕಿ ಹೆಂಡತಿಯ ಹೆಸರು ಹೇಳದ ಹೊರತು ಬಿಡೂದಿಲ್ಲ ಅಂತ ಕೂಡುತ್ತಿದ್ದರು. ಒಡಪು ಅಂದರೆ ಪ್ರಾಸ ಕೂಡಿಸಿದ ಎರಡು ಸಾಲು, ಅದರ ಕೊನೆಗೆ ಹೆಂಡತಿಯ ಹೆಸರು. ನಮ್ಮ ಗುಮಾಸ್ತ ಕಾಕಾ ಸಹಿತ ಒಂದೇ ಉಸುರಿಗೆ ನಾಲ್ಕು ಒಡಪು ಹಾಕುತ್ತಿದ್ದ. ಊರ ಮಂದಿಗೆಲ್ಲ ಪ್ರೀತಿಯ ಹಾಡು ಕಟ್ಟಿಕೊಟ್ಟ ಮಾಮಾ ಮಾತ್ರ ಬೆವರು ಒರೆಸಿಕೊಳ್ಳುತ್ತ, "ಇಂದಿರಾ... ಅಷ್ಟರಿ" ಅಂದುಬಿಡುತ್ತಿದ್ದರು. ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು.

ಅಜ್ಜಿ ನಗುತ್ತಿರಲಿಲ್ಲ. ಉಪಚಾರಕ್ಕೆ ಏನೂ ಕಡಿಮೆ ಮಾಡುತ್ತಿರಲಿಲ್ಲ, ಆದರೆ ಅಳಿಯನ ಜೋಡಿ ನೇರ ಮಾತಿಲ್ಲ. ನೀರು ಕಾದಾವ, ಎರಕೊಳ್ಳೋರು ಎರಕೋಬೇಕು ಅಂತ ಗೋಡೆಗೆ ಹೇಳುತ್ತಿದ್ದಳು. ಗೋಡೆಯ ಪರವಾಗಿ ಮಾಮಾ ಎದ್ದು ಹೋಗುತ್ತಿದ್ದರು. ಸಾರು ಬೇಕಾದವರು ಕೇಳಿ ಹಾಕಿಸಿಕೋಬೇಕು ಅಂತ ಸಾರಿನ ಪಾತ್ರೆಗೆ ಹೇಳುತ್ತಿದ್ದಳು. ಅವರು ತಾಟು ಮುಂದೆ ಸರಿಸುತ್ತಿದ್ದರು. ನಮಗೆ ಅದೊಂದು ಆಟದ ಹಾಗೆ ಇತ್ತು, ಆದರೆ ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಇಂದೂ ಅತ್ಯಾನ ಕೊರಳು ಭಾಳ ಛಲೋ. ಬೆಳಗಿನ ಜಾವ ದೇವರನ್ನು ಎಬ್ಬಿಸುವ ಹಾಡುಗಳನ್ನು ಅಜ್ಜಿಯೇ ಕೂಡಿಸಿಕೊಂಡು ಕಲಿಸಿದ್ದಳು. ಮದುವೆಯಾದ ಹೊಸದರಲ್ಲಿ ಮಾಮಾ, ನನ್ನ ಸಿನೆಮಾದಲ್ಲಿ ಇಂದೂನಿಂದ ಅಂಥದ್ದೊಂದು ಹಾಡು ಹಾಡಿಸುತ್ತೇನೆ ಅಂದರಂತೆ. ಅಜ್ಜಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಸಿನೆಮಾ ಬಂತು, ಹಾಡೂ ಬಂತು, ಕೊರಳು ಮಾತ್ರ ಬೇರೆಯವರದು. ಮುಂದಿನ ಅಧಿಕ ಮಾಸಕ್ಕೆ ಬಂದ ಮಾಮಾ ಪಡಸಾಲೆಯಲ್ಲಿ ನಿಂತು, ನಾನೇ ಬ್ಯಾಡಂದೆ, ಇಂದೂನ ಕೊರಳು ಮೈಕಿಗೆ ಕೂಡೂದಿಲ್ಲ ಅಂದರು. ಕಲಿಸಿದಾಕಿ ಅಜ್ಜಿ, ಆ ಮಾತು ಹತ್ತಿದ್ದು ಆಕೆಗೆ. ಹೆಂಡತಿ ತನಗಿಂತ ಮುಂದೆ ಹೋದಾಳು ಅಂತ ಇವಗ ಹೊಟ್ಟೆಕಿಚ್ಚು ಅಂತ ಬಂದ ಬಂದ ನೆಂಟರ ಮುಂದೆಲ್ಲ ಹೇಳಿದಳು. ಸಾಯೋತನಕ ಹೇಳಿದಳು. ಮಾಮಾ ತಂದ ಪೇಢೆ ತಿನ್ನುತ್ತಲೇ ನಾವೂ ಅದನ್ನು ನಂಬಿದೆವು.

ಈಗ ಅಜ್ಜಿಯೂ ಇಲ್ಲ, ಮಾಮಾನೂ ಇಲ್ಲ. ಅತ್ಯಾ ಚಿತ್ತಾಪುರಕ್ಕೆ ತಿರುಗಿ ಬಂದು ಕಾಕಾನ ಸಂಸಾರದಲ್ಲಿ, ಅವನ ಮೊಮ್ಮಕ್ಕಳ ಗದ್ದಲದಲ್ಲಿ ಆರಾಮ ಇದ್ದಾಳೆ. ಹೋದ ವಾರ ಸೇಡಂನಿಂದ ಒಬ್ಬಾಕೆ ಫೋನು ಮಾಡಿದಳು. ದೊಡ್ಡವರ ಬದುಕಿನ ಗೊತ್ತಿಲ್ಲದ ಸಂಗತಿಗಳನ್ನು ಹುಡುಕಿ ವಿಡಿಯೋ ಮಾಡುವ ಹುಡುಗಿ. ಚಿಂಚೋಳಿಯ ನಮ್ಮ ನೆಂಟರೇ ಆಕೆಗೆ ಎಲ್ಲ ಹೇಳಿದ್ದರು. ಹೆಂಡತಿಯ ಕೊರಳು ಹಿಚುಕಿದ ಸಂಗೀತಗಾರ ಅಂತ ತಲೆಬರಹವೂ ತಯಾರಿತ್ತು. ಇದು ಖರೇ ಏನ್ರಿ ಅಂತ ಕೇಳಿದಳು. ಹೌದು ಅನ್ನಲಿಕ್ಕೆ ಬಾಯಿ ತೆಗೆದವ ತಡೆದೆ. ಅಂಥದ್ದು ಒಮ್ಮೆ ಮಂದಿಯ ಮೊಬೈಲಿಗೆ ಹತ್ತಿತೆಂದರೆ ಮುಗೀತು, ಸತ್ತ ಮನುಷ್ಯನ ಹೆಸರಿಗೆ ಅದೇ ಕಾಯಂ ಆಗುತ್ತದೆ. ಅತ್ಯಾನೇ ಇದ್ದಾಳೆ, ಅಕಿನ್ನೇ ಕೇಳ್ರಿ, ನಾನೂ ಬರ್ತೀನಿ ಅಂದೆ. ಮಾಮಾನ ಪರವಾಗಿ ಅಲ್ಲ ಮತ್ತೆ, ಗಂಡನ ಹೆಸರು ಹಾಗೆ ಕೆಟ್ಟು ಅತ್ಯಾಗೆ ನೋವಾಗದಿರಲಿ ಅಂತ.

ಹೀಗೆ ವಾಡಿಯಲ್ಲಿ ಅನಾರಸ ತಿಂದು ಚಿತ್ತಾಪುರದಲ್ಲಿ ಇಳಿದೆ. ಹುಡುಗಿ ನನಗಿಂತ ಮೊದಲೇ ಬಂದು ಪಡಸಾಲೆಯಲ್ಲಿ ಕ್ಯಾಮರಾ ನಿಲ್ಲಿಸಿದ್ದಳು. ಅತ್ಯಾ ಇಸ್ತ್ರಿ ಸೀರೆ ಉಟ್ಟು ಕುರ್ಚಿಯ ಮೇಲೆ ಕೂತಿದ್ದಳು. ಹುಡುಗಿ ಸಂಕೋಚದಿಂದಲೇ ಕೇಳಿದಳು, ಅವರು ನಿಮಗ ಹಾಡಲಿಕ್ಕೆ ಬಿಡಲಿಲ್ಲಂತ ಹೌದೇನ್ರಿ ಅಂತ. ಅತ್ಯಾ, ಯಾರೂ ಇಷ್ಟು ದಿನ ನನ್ನ ಕೇಳೇ ಇಲ್ಲ ನೋಡು ಅಂದಳು.

ಮಾಮಾ ಅತ್ಯಾನನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿದ್ದರಂತೆ. ಆಕೆ ಹಾಡಿಯೂ ಹಾಡಿದ್ದಳು.

"ಎಲ್ಲಾರೂ ಛಲೋ ಆತು ಅಂದ್ರು ತಂಗಿ. ಆಮ್ಯಾಲ ಕಾಜಿನ ಗ್ವಾಡಿ ಆ ಕಡಿಂದ ರಿಕಾರ್ಡ್ ಮಾಡೋ ಒಬ್ಬಾವ, ತಬಲಾ ಹೆಚ್ಚು ಕೇಳಲಿಕತ್ತದ, ಇನ್ನೊಮ್ಮೆ ಹಾಡ್ರಿ ಅಂದ. ನಾ ಅಂದೆ, ದೇವರು ಎದ್ದಾನಲ್ರಿ. ಎದ್ದ ದೇವರಿಗೆ ಮತ್ತ ಏಳಪ್ಪಾ ಅಂತ ಹೆಂಗ ಹಾಡ್ಲಿ?"

ಅಲ್ಲಿದ್ದವರು ನಕ್ಕರಂತೆ. ಅತ್ಯಾ ನಗೆಚಾಟಿಕೆಗೆ ಅಂದದ್ದಲ್ಲ. ನಮ್ಮ ಮನೆಯಲ್ಲಿ ಆ ಹಾಡು ಬೆಳಿಗ್ಗೆ ಒಂದೇ ಸಲ. ಹಾಡಿ ಮುಗಿದರೆ ದೇವರ ಮನೆಯ ಕದ ತೆಗೆಯಬೇಕು, ದೀಪ ಹಚ್ಚಬೇಕು. ತಿರುಗಿ ಹಾಡಲಿಕ್ಕೆ ಬಾಯೇ ಬರಲಿಲ್ಲ ಆಕೆಗೆ. ಮಾಮಾ ಒಳಗೆ ಬಂದು ಬಾಗಿಲು ಮುಚ್ಚಿ, ಆಗೂದಿಲ್ಲೇನು ಅಂತ ಕೇಳಿದರು. ಆಗೂದಿಲ್ಲ ಅಂದಳು. ಎರಡನೇ ಮಾತು ಆಡದೆ ಬೇರೆಯವರನ್ನು ಕರೆಸಿದರು. ಮನೆಗೆ ಬಂದ ಮೇಲೆ ಅತ್ಯಾಗೆ ಅಜ್ಜಿಯ ಅಂಜಿಕೆ ಹತ್ತಿತು. ತಾಯಿ ಊರಿಗೆಲ್ಲ ಸಕ್ಕರೆ ಹಂಚಿ ಕೂತಿದ್ದಾಳೆ, ಮಗಳೇ ಒಲ್ಲೆ ಅಂದಳು ಅಂತ ಗೊತ್ತಾದರೆ ಬಿಡುತ್ತಾಳೆಯೇ?

"ಆವಾಗ ಇವರು ಅಂದ್ರು, ನಾನೇ ಬ್ಯಾಡಂದೆ ಅಂತ ಹೇಳ್ತೀನಿ. ನಿಮ್ಮವ್ವ ನನಗ ಬೈದ್ರ ಮೂರು ವರ್ಷಕ್ಕೊಮ್ಮೆ ಬೈತಾರ. ನಿನಗ ಬೈಲಿಕ್ಕೆ ಶುರು ಮಾಡಿದ್ರ ನಿಲ್ಲಸೂದಿಲ್ಲ."

ಹುಡುಗಿಗೆ ನಗು ಬಂತು, ನನಗೂ ಬಂತು. ಅತ್ಯಾ ನಗಲಿಲ್ಲ. ಅಜ್ಜಿ ಹಾಸಿಗೆ ಹಿಡಿದಾಗ ಖರೆ ಹೇಳಿಬಿಡುತ್ತೇನೆ ಅಂತ ಆಕೆ ಹಟ ಹಿಡಿದಿದ್ದಳಂತೆ. ಇಷ್ಟು ವರ್ಷ ಸುಮ್ಮಸುಮ್ಮನೆ ಬೈದೆ ಅಂತ ಮುದುಕಿಗೆ ಸಂಕಟ ಆದೀತು, ಬ್ಯಾಡ ಅಂದವರೂ ಮಾಮಾನೇ. ಅದೇ ಮೂವತ್ತಮೂರು ಅನಾರಸ ತಗೊಂಡು, ಅದೇ ಗೋಡೆಗೆ ಹೇಳಿದ ಮಾತು ಕೇಳಿಸಿಕೊಂಡು, ಪ್ರತಿ ಅಧಿಕ ಮಾಸಕ್ಕೂ ಆ ಮನುಷ್ಯ ತಪ್ಪದೆ ಬಂದರಲ್ಲ! ನನಗೆ ಅವರ ಮೇಲೆ ಪ್ರೀತಿ ಉಕ್ಕಿ ಬಂತು. ಅದನ್ನು ಹೇಳೋಣವೆಂದರೆ ಅವರೇ ಇಲ್ಲ.

ಅಷ್ಟರಲ್ಲಿ ಹುಡುಗಿ ಕ್ಯಾಮರಾ ತಿರುವಿ ನೋಡಿ ಬಿಳುಪೇರಿದಳು. ಮೈಕು ಬಂದ್ ಇತ್ತಂತೆ. ಒಂದು ಮಾತೂ ರಿಕಾರ್ಡ್ ಆಗಿರಲಿಲ್ಲ. "ತಪ್ಪಾತ್ರಿ ಅಮ್ಮಾರೇ" ಅಂದಳು, ಗಡಬಡಿಸಿ ಮೈಕು ಚಾಲೂ ಮಾಡಿದಳು. ಅತ್ಯಾ ತಂಬಿಗೆ ಎತ್ತಿ ನೀರು ಕುಡಿದು, ಸೆರಗು ಸರಿ ಮಾಡಿಕೊಂಡು ಮೊದಲಿನಿಂದ ಹೇಳಿದಳು. ಈ ಸಲ ನಡುವೆ ಅಡಿಗೆಮನೆಯಲ್ಲಿ ಕುಕ್ಕರು ಕೂಗಿತು, ಕಾಕಾನ ಮೊಮ್ಮಗಳು ಚೆಂಡು ಹುಡುಕುತ್ತ ಒಳಗೆ ಬಂದಳು, ಮೇಲೆ ಫ್ಯಾನು ಕಿರ್ ಅನ್ನುತ್ತಿತ್ತು. ಹುಡುಗಿ ಕೇಳಿ ನೋಡಿ, ಅಷ್ಟು ಸರಿ ಬಂದಿಲ್ಲ, ಆದ್ರೂ ನಡೀತದರಿ, ನಿಮಗ ತ್ರಾಸ ಆಗ್ತದ, ಸಾಕ್ ಬಿಡ್ರಿ ಅಂದಳು.

"ನನಗ ಸಾಕಾಗಿಲ್ಲ" ಅಂದಳು ಅತ್ಯಾ. "ಸರಿ ಬರೂತನಕ ಹೇಳ್ತೀನಿ. ಚಾಲೂ ಮಾಡು."

ನಾನು ಎದ್ದು ಅಡಿಗೆಮನೆಯ ಬಾಗಿಲು ಹಾಕಿದೆ, ಕಿಟಕಿ ಹಾಕಿದೆ, ಫ್ಯಾನು ಬಂದ್ ಮಾಡಿದೆ. ಚಿತ್ತಾಪುರದ ಆ ಧಗೆಯಲ್ಲಿ ಮೂವರೂ ಬೆವರುತ್ತ ಕೂತೆವು. ಅತ್ಯಾ ಮೂರನೇ ಸಲ ಶುರು ಮಾಡಿದಳು.