ಕಾಲುವೆಯೊಳಗಿನ ಸೊಪ್ಪು

ನನ್ನ ಬಾಯಿ ಸ್ವಲ್ಪ ಜೋರು. ಪರಿಸರದ ಕೆಲಸಕ್ಕೆ ದೇಶ ದೇಶದ ಹುಡುಗ ಹುಡುಗಿಯರನ್ನು ಸ್ವಯಂಸೇವಕರಾಗಿ ಕಳಿಸುವ ಸಂಸ್ಥೆಯವರು ನಮ್ಮೂರಿನ ತಂಡಕ್ಕೆ ನನ್ನನ್ನು ಮುಂದಾಳು ಮಾಡಿದ್ದೂ ಬಹುಶಃ ಅದಕ್ಕೇ. ಕೆಂಚಾರ್ಲಹಳ್ಳಿ ಪಕ್ಕದ ನಮ್ಮೂರಿನ ಕೆರೆಗೆ ನೀರು ತರುವ ಕಾಲುವೆಯಲ್ಲಿ ಲಂಟಾನ ಬೆಳೆದು, ಹೂಳು ತುಂಬಿತ್ತು. ಅದನ್ನು ಬಿಡಿಸಬೇಕು, ದಡದಲ್ಲಿ ಹೊಂಗೆ, ಅತ್ತಿ, ಲಕ್ಕಿ ನೆಡಬೇಕು, ಹಕ್ಕಿ ಮೀನು ಮತ್ತೆ ಬರುವಂತೆ ಕೆರೆಯನ್ನು ಕೆರೆ ಮಾಡಬೇಕು. ಶಿಡ್ಲಘಟ್ಟ, ಗೌರಿಬಿದನೂರು ಕಡೆಯವರು ಮೂವರು, ಇಟಲಿಯ ಹುಡುಗಿ, ಕೆನ್ಯಾದ ಹುಡುಗ, ನಾನು. ಎಲ್ಲರದೂ ಇಪ್ಪತ್ತರ ಆಸುಪಾಸಿನ ವಯಸ್ಸು. ಗುದ್ದಲಿ ಹಿಡಿದರೆ ಆಗದ ಕೆಲಸವೇ ಇಲ್ಲ ಅನ್ನುವ ಹುರುಪು.

ಆದರೆ ಕಾಲುವೆ ನಮ್ಮ ದೊಡ್ಡಮ್ಮನ ತೋಟ ಮುಟ್ಟಿದ ಕೂಡಲೇ ಮಾಯವಾಗುತ್ತಿತ್ತು. ಯಾವ ಕಾಲದಲ್ಲೋ ಹಳ್ಳ ಮುಚ್ಚಿ ಅಲ್ಲಿ ರೇಷ್ಮೆ ಹುಳುವಿಗೆಂದು ನಾಲ್ಕು ಸಾಲು ಹಿಪ್ಪುನೇರಳೆ ಹಾಕಿದ್ದರು. ಅದನ್ನು ತೆಗೆಯದೆ ನಾವು ಮೇಲೆ ಎಷ್ಟು ಅಗೆದರೂ ಒಂದು ಹನಿ ಕೆರೆಗೆ ಇಳಿಯುವುದಿಲ್ಲ. ಇಡೀ ಕೆಲಸ ಆ ನಾಲ್ಕು ಸಾಲಿನ ಮೇಲೆ ನಿಂತಿತ್ತು.

ನಾನು ಸರ್ವೆ ನಕ್ಷೆ ತಂದು ಅವಳ ಮುಂದೆ ಹರವಿದೆ.

"ಇದು ಕಾಲುವೆ ದೊಡ್ಡಮ್ಮ. ನಿಮ್ದಲ್ಲ."

"ನಕ್ಷೆ ಹುಳುಗೆ ಹಾಕ್ಲಾ? ತಿಂತವಾ? ಕೊನೇ ನಾಕು ದಿನ ಈ ಸೊಪ್ಪಿಲ್ದಿದ್ರೆ ನನ್ ಬೆಳೆ ಕೈಗೆ ಬರಲ್ಲ ಕಣೇ. ಎದ್ದೋಗು."

ನಾನು ಎದ್ದು ಹೋಗುವವಳಲ್ಲ. ಮೂರು ವಾರ ಬೆಳಿಗ್ಗೆ ಸಂಜೆ ಅವಳ ಪ್ರಾಣ ತಿಂದೆ. ಅವಳೂ ಜಗ್ಗಲಿಲ್ಲ. ಜಗಳ ಜಗಳವಾಗಿಯೇ ಇತ್ತು, ಊಟ ಮಾತ್ರ ಆರೂ ಜನಕ್ಕೆ ಅವಳ ಮನೆಯಲ್ಲೇ. ಮುದ್ದೆ ನುಂಗುವುದನ್ನು ಇಟಲಿಯವಳಿಗೆ ಕಲಿಸಿದ್ದೂ ಅವಳೇ.

ಅವಳ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಕೊನೆಯ ಜ್ವರ ಕಳೆದ ಹುಳುವಿನ ಹಸಿವು ಹೇಳತೀರದು, ಹಾಕಿದಷ್ಟೂ ಸೊಪ್ಪು ಸಾಲದು. ಆ ದಿನಗಳಲ್ಲಿ ಹುಳುಮನೆ ದೇವರ ಮನೆಗಿಂತ ಮಡಿ. ಕೈಕಾಲು ತೊಳೆಯದೆ ಯಾರೂ ಒಳಗೆ ಹೋಗುವುದಿಲ್ಲ. ಸೊಳ್ಳೆ ಬತ್ತಿ ಹಚ್ಚುವುದಿಲ್ಲ, ಸೆಂಟು ಪೂಸಿಕೊಂಡ ನೆಂಟರನ್ನು ಅಂಗಳದಲ್ಲೇ ಕೂರಿಸಿ ಕಾಫಿ ಕೊಡುತ್ತಾರೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹುಟ್ಟಿನಿಂದ ಗೊತ್ತಿರುತ್ತದೆ. ಅದಕ್ಕೇ ಹೊರಗಿನಿಂದ ಬಂದ ಇಬ್ಬರಿಗೂ ಯಾರೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ನಾವು ಊರ ಕಡೆಯವರು ನಾಲ್ವರೂ ಸಸಿ ತರಲು ಚಿಂತಾಮಣಿಗೆ ಹೋಗಿದ್ದೆವು. ದೊಡ್ಡಮ್ಮ ಊಟ ಮಾಡಿ ಒಂದು ಗಳಿಗೆ ಅಡ್ಡಾಗಿದ್ದಳು. ಪಾಪ, ಅನ್ನ ಹಾಕಿದ ಹೆಂಗಸಿಗೆ ಒಂದು ಕೆಲಸ ಹಗುರ ಮಾಡೋಣ ಎಂದು ಅವರಿಬ್ಬರು ತೋಟಕ್ಕಿಳಿದು, ಸಂಜೆಗೆ ಬೇಕಾದ ಸೊಪ್ಪನ್ನೆಲ್ಲ ಕೊಯ್ದು, ಹೊರೆ ಕಟ್ಟಿ, ತಬ್ಬಿಕೊಂಡು ತಂದು ಹುಳುಮನೆ ಬಾಗಿಲಿಗೆ ಜೋಡಿಸಿದ್ದರು. ನಾನು ವಾಪಸು ಬಂದಾಗ ದೊಡ್ಡಮ್ಮ ಮೊದಲ ಹೊರೆ ಬಿಚ್ಚುತ್ತಿದ್ದಳು. ಇಬ್ಬರೂ ಹಲ್ಲುಬಿಟ್ಟುಕೊಂಡು ಮೆಚ್ಚುಗೆಗೆ ಕಾದು ನಿಂತಿದ್ದರು.

ಗಮ್ಮೆಂದು ಮೂಗಿಗೆ ಬಡಿಯಿತು. ಕೆರೆಯ ಸೊಳ್ಳೆಗೆ ಹೆದರಿ ಅವರು ಕೈಗೂ ಕುತ್ತಿಗೆಗೂ ಬಳಿದುಕೊಳ್ಳುತ್ತಿದ್ದ ಸೊಳ್ಳೆ ಎಣ್ಣೆ!

"ಹಾಕ್ಬೇಡಿ ದೊಡ್ಡಮ್ಮ!" ಎಂದು ಕಿರುಚಿ ಹೊರೆಯನ್ನು ಅಂಗಳಕ್ಕೆ ಎಳೆದು ಹಾಕಿದೆ. ಅವಳು ಮೂಸಿ ನೋಡಿ, "ಅಯ್ಯೋ ದೇವುಡಾ" ಎಂದು ಕೈ ತೊಳೆಯಲು ಓಡಿದಳು. ಆ ಸೊಪ್ಪು ತಿಂದಿದ್ದರೆ ಬೆಳಿಗ್ಗೆಗೆ ಒಂದು ಹುಳುವೂ ಉಳಿಯುತ್ತಿರಲಿಲ್ಲ. ನಾನು ಇಬ್ಬರಿಗೂ ಬಾಯಿಗೆ ಬಂದಂತೆ ಬೈದೆ. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಕನ್ನಡದ ಅರ್ಧ ಅವರಿಗೆ ಅರ್ಥವಾಗದಿದ್ದುದೇ ಒಳ್ಳೆಯದಾಯಿತು. ಇಟಲಿಯವಳು ಬಿಕ್ಕಿ ಬಿಕ್ಕಿ ಅತ್ತಳು.

ಹೊರೆಗಳೆಲ್ಲ ತಿಪ್ಪೆ ಸೇರಿದವು. ಈಗ ಸಂಜೆಗೆ ಏನು ಹಾಕುವುದು? ತೋಟದ ಉಳಿದ ಭಾಗ ಆಗಲೇ ಕಟಾವಾಗಿತ್ತು, ಚಿಗುರು ಗೇಣುದ್ದವೂ ಇರಲಿಲ್ಲ. ಬಲಿತ ಸೊಪ್ಪು ಉಳಿದಿದ್ದು ಕಾಲುವೆಯೊಳಗಿನ ಆ ನಾಲ್ಕು ಸಾಲಿನಲ್ಲಿ ಮಾತ್ರ. ಕುಡುಗೋಲು ತೆಗೆದುಕೊಂಡು ಓಡಿದೆವು. ಅವರಿಬ್ಬರೂ ಸೋಪು ಹಚ್ಚಿ ಹಚ್ಚಿ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಆದರೂ ಸೊಪ್ಪು ಮುಟ್ಟಲು ಹೆದರಿ ದೂರ ನಿಂತರು. ದೊಡ್ಡಮ್ಮನೇ ಕರೆದಳು, "ಬಾರಮ್ಮಾ, ಬಾರಪ್ಪಾ, ಬೇಕೂಂತ ಮಾಡಿದ್ರಾ ನೀವು? ಬನ್ನಿ, ಕೈ ಹಾಕಿ."

ಹೊತ್ತು ಮುಳುಗುವ ಮುಂಚೆ ಹುಳುಗಳಿಗೆ ಸೊಪ್ಪು ಬಿತ್ತು. ಅವು ತಿನ್ನುವ ಸದ್ದು ಕೇಳುತ್ತಾ ಬಾಗಿಲಲ್ಲಿ ನಿಂತಿದ್ದೆ. ಮೂರು ವಾರ ನಾನು ಯಾವುದನ್ನು ಕಿತ್ತು ಹಾಕಿ ಎನ್ನುತ್ತಿದ್ದೆನೋ ಅದೇ ಅವಳ ಬೆಳೆ ಉಳಿಸಿತ್ತು. ಸೋಲು ಒಪ್ಪುವುದು ನನಗೆ ಅಭ್ಯಾಸವಿಲ್ಲ, ಆದರೂ ಮರುದಿನ ಬೆಳಿಗ್ಗೆ ಹೇಳಿದೆ.

"ಆ ಸಾಲು ಇರ್ಲಿ ಬಿಡಿ ದೊಡ್ಡಮ್ಮ. ಕಾಲುವೇನ ಸುತ್ತಿಸಿ ತರೋಕಾಗತ್ತಾ ನೋಡ್ತೀವಿ."

"ಸುತ್ಸಿದ್ರೆ ದಿಣ್ಣೆ ಹತ್ತಿ ಬರ್ತದಾ ನೀರು? ನೀನು ಹೇಳಿದ್ರೆ ಹತ್ತತದೇನೋ, ಬಾಯಿ ಅಂಗೈತೆ." ಕಾಫಿ ಲೋಟ ನನ್ನ ಕೈಗಿಟ್ಟಳು. "ಇಷ್ಟು ದಿನ ತೆಗಿ ತೆಗಿ ಅಂದೆ. ತೆಗುದ್ರೆ ನನ್ ಹುಳುಗೇನು ಅಂತ ಒಂದಿನ ಕೇಳಿದ್ಯಾ? ಮೇಲ್ಗಡೆ ಹೊಲ ಬೀಳು ಬಿದ್ದೈತೆ. ಅಲ್ಲಿ ಸೊಪ್ಪಿನ ಕಡ್ಡಿ ನೆಟ್ಟುಕೊಡಿ. ಅದು ಚಿಗುರ್ಲಿ. ಆಮೇಲೆ ನೋಡಣ."

ಹುಳು ಗೂಡು ಕಟ್ಟಿದವು, ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು. ನಾವು ಮೇಲಿನ ಹೊಲದಲ್ಲಿ ಗುಂಡಿ ತೋಡಿ, ಕಾಲುವೆಯೊಳಗಿನ ಗಿಡಗಳದೇ ಕಡ್ಡಿ ಕತ್ತರಿಸಿ ನೆಟ್ಟೆವು. ಕೆನ್ಯಾದವನು ದಿನಾ ಬಿಂದಿಗೆ ಹೊತ್ತ. ಕಡ್ಡಿಯಲ್ಲಿ ಹಸಿರು ಕಣ್ಣು ಒಡೆದ ದಿನ ದೊಡ್ಡಮ್ಮ ಒಂದೊಂದನ್ನೂ ಬಗ್ಗಿ ನೋಡಿಕೊಂಡು, ಕಾಲುವೆಯ ಕಡೆ ನಡೆದಳು. ನಾವು ಹಿಂದೆ ಹೋದೆವು.

ಮೊದಲ ಗಿಡದ ಬುಡಕ್ಕೆ ಗುದ್ದಲಿ ಎತ್ತಿದೆ. ಬುಡ ನನ್ನ ತೊಡೆಯಷ್ಟು ದಪ್ಪವಿತ್ತು. ಅವಳು ಈ ಮನೆಗೆ ಸೊಸೆಯಾಗಿ ಬಂದ ವರ್ಷ ನೆಟ್ಟದ್ದಂತೆ, ಆಗಷ್ಟೇ ಹೇಳಿದಳು. ಎತ್ತಿದ ಕೈ ಇಳಿಯಲಿಲ್ಲ.

"ಏನೇ, ಇಷ್ಟು ದಿನ ಕುಣ್ದಿದ್ದು ಇದಕ್ಕೇ ತಾನೇ?" ಎಂದು ಗುದ್ದಲಿ ಕಿತ್ತುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲ ಏಟು ಅವಳೇ ಹಾಕಿದಳು.