ಹಾರ್ನ್ ಕೇಳಿ ರೋಗ ಹೇಳಿದ ಅವ್ವ

ರಾಯಚೂರಿನ ಗ್ಯಾರೇಜಿನಲ್ಲಿ ನನ್ನ ಸ್ಕೂಟರಿನ ಬ್ಯಾಟರಿ ಬಿಚ್ಚಿದಾಗ ಬಂದ ಹುಳಿ ವಾಸನೆ ನನ್ನನ್ನು ಪೋತ್ನಾಳದ ನಮ್ಮ ಅಂಗಳಕ್ಕೆ ಒಯ್ದಿತು.

ಅಂದು ಮಾನ್ವಿಯಲ್ಲಿ ನನ್ನ ಏಳನೆಯ ತರಗತಿಯ ಪರೀಕ್ಷೆ. ಅಪ್ಪ ಸ್ಟಾರ್ಟ್ ಆಗದ ಬೈಕಿನ ಕಿಕ್ ಒದ್ದು ಒದ್ದು ಬೆವೆತಿದ್ದರು, ನಾನು ಅಳುತ್ತಿದ್ದೆ. ಒಲೆಯ ಮುಂದಿದ್ದ ಅವ್ವ ಹೊರಗೆ ಬಂದಳು.

“ಒದಿಯೂದು ಬಿಡ್ರಿ, ಹಾರ್ನ್ ಹೊಡೀರಿ.”

ಹಾರ್ನ್ ತಡೆತಡೆದು ಕೂಗಿತು.

“ಬ್ಯಾಟರಿ ಸತ್ತಿಲ್ಲ. ವೈರಿನ ತುದಿಗೆ ಕಿಲುಬು ಹಿಡಿದದ.”

ಅಲ್ಲಿಗೆ ಬಿಸಿನೀರು ಸುರಿದು, ಹಳೆಯ ಬಟ್ಟೆಯಿಂದ ಒರೆಸಿ, ನಟ್ಟು ಬಿಗಿದಳು. ಮುಂದಿನ ಒದೆತಕ್ಕೇ ಬೈಕು ಗುಡುಗಿತು.

“ನಿನಗ ಇದನ್ನ ಯಾರು ಕಲಿಸಿದ್ರು?” ಅಪ್ಪ ಬೆರಗಾದರು.

“ಹೋದ ಸಲ ಬೈಕ್ ಕೆಟ್ಟಾಗ ಗ್ಯಾರೇಜಿನ್ಯಾಗ ನೀವು ಚಾ ಕುಡಕೋತ ಪೇಪರ್ ಓದಾಕತ್ತಿದ್ರಿ. ನಾ ಮಿಸ್ತ್ರಿ ಕೈ ನೋಡಾಕತ್ತಿದ್ದೆ.”

ಗಂಟೆ ಹೊಡೆಯುವ ಮೊದಲೇ ನಾನು ಪರೀಕ್ಷೆಯ ಕೋಣೆಯಲ್ಲಿದ್ದೆ.

“ಕುರ್ಚಿ ಅದ, ಕೂಡ್ರಿ ಮೇಡಂ,” ಎಂದ ಇಂದಿನ ಮೆಕ್ಯಾನಿಕ್. ನಾನು ಅವನ ಕೈ ನೋಡುತ್ತ ನಿಂತೇ ಇದ್ದೆ.