ಅಣ್ಣ ಒತ್ತಿದ ‘ಹೌದು’

ನಾಗಣಸೂರದಲ್ಲಿ ಒಕ್ಕಲುತನ ಮಾಡುವ ನನ್ನ ಅಣ್ಣನಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಎರೆಹೊಲದ ಹೆಂಟೆ ತುಳಿದು ಬಾವಿಗೆ ಹೋಗಕೂಡದೆಂದು ಡಾಕ್ಟರು ತಾಕೀತು ಮಾಡಿದ್ದರು. ಅದಕ್ಕೆಂದೇ ಫೋನಿನಿಂದ ಮೋಟರು ಚಾಲೂ ಮಾಡುವ ಪೆಟ್ಟಿಗೆಯೊಂದನ್ನು ಬಾವಿಗೆ ಹಾಕಿಸಿದ್ದೆವು. ಸೊಲ್ಲಾಪುರದಲ್ಲಿ ನಮ್ಮ ಚಾದರದ ಅಂಗಡಿಯ ಹಿಂದಿನ ಸಣ್ಣ ವರ್ಕಶಾಪಿನಲ್ಲಿ ಮಾಡಿದ್ದು. ಅದರ ಆ್ಯಪು ಫೋನಿನ ಸ್ಟೋರ್‌ನಲ್ಲಿ ಸಿಗುವುದಿಲ್ಲ, ವರ್ಕಶಾಪಿನವನೇ ಕಳಿಸಬೇಕು.

ಅಣ್ಣನ ಹಳೆಯ ಫೋನು ಎಮ್ಮೆ ನೀರು ಕುಡಿಯುವ ದೋಣಿಯಲ್ಲಿ ಬಿದ್ದು ಸತ್ತಿತು. ಹೊಸದು ಬಂತು, ಗೋಳೂ ಬಂತು.

ಅಂಗಡಿಯಲ್ಲಿ ಕೂತು ಫೋನಿನಲ್ಲೇ ಅಣ್ಣನಿಗೆ ಆ್ಯಪು ಹಾಕಿಕೊಳ್ಳುವ ದಾರಿ ಹೇಳತೊಡಗಿದೆ. ಮರಾಠಿ ಸಾಲಿ ಕಲಿತ ಅಣ್ಣ ಪರದೆಯ ಮೇಲಿನ ಮರಾಠಿ ಓದಿ ನನಗೆ ಕನ್ನಡದಲ್ಲಿ ಹೇಳಿದ: “ಯಾರರ ಫೋನಿನ್ಯಾಗ ಮಾತಾಡಿ ಇದನ್ನ ಹಾಕಸಾಕತ್ತಿದ್ರ ಅವರು ಮೋಸಗಾರರು, ಫೋನ್ ಇಡು ಅಂತೈತಿ. ಇಡ್ಲೇನು?”

ಒಡಹುಟ್ಟಿದವಳು ಮೋಸಗಾತಿಯಾದೆ. ಕಣ್ಣುಮುಚ್ಚಿ ತೆಗೆಯುವುದರೊಳಗೆ ಸಾಲ ಕೊಡುತ್ತೇವೆನ್ನುವ ಆ್ಯಪು ಅದೇ ಫೋನಿನಲ್ಲಿ ಒಂದೇ ಒತ್ತಿಗೆ ಬಂದು ಕೂತಿತ್ತು, ಅದನ್ನು ಯಾರೂ ಏನೂ ಕೇಳಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೈಯೆಲ್ಲ ಉರಿದುಹೋಯಿತು.

ಮರುದಿನ ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ಅಣ್ಣ ಪೂಜೆ ಮುಗಿಸಿ ಎದ್ದಿದ್ದ, ಹಣೆಯ ವಿಭೂತಿ ಇನ್ನೂ ಹಸಿಯಿತ್ತು. ಪಕ್ಕದಲ್ಲಿ ಕೂತು ಒಂದೊಂದೇ ತೋರಿಸಿದೆ. ಕೊನೆಗೆ ಫೋನು ಕೇಳಿತು: ಇದನ್ನು ಮಾಡಲು ನಿಮಗೆ ಯಾರಾದರೂ ಹೇಳಿಕೊಡುತ್ತಿದ್ದಾರೆಯೇ?

ಅಣ್ಣ ‘ಹೌದು’ ಒತ್ತಿದ.

ಫೋನು ಎಲ್ಲ ಮುಚ್ಚಿಕೊಂಡು, ಒಂದು ದಿನ ಕಳೆದ ಮೇಲೆ ಬನ್ನಿ ಎಂದಿತು.

“ಏನ್ ಮಾಡಿದಿ ಅಣ್ಣಾ?”

“ನೀನ ಹೇಳಾಕತ್ತಿಯಲ್ಲ. ಸುಳ್ಳ ಯಾಕ ಒತ್ತಲಿ?”

ಅಷ್ಟರಲ್ಲಿ ಕರೆಂಟು ಬಂತು. ಹೊಲದಲ್ಲಿ ಉಳ್ಳಾಗಡ್ಡಿ ನೀರಿಲ್ಲದೆ ಬಾಡುತ್ತಿತ್ತು. ಬಾವಿಗೆ ಹೊರಡಲು ಅಣ್ಣ ಮೂಲೆಯ ಕೋಲಿಗೆ ಕೈ ಹಾಕಿದ. ನಾನು ಅದನ್ನು ಕಸಿದುಕೊಂಡು, ಸೀರೆ ಎತ್ತಿ ಕಟ್ಟಿ, ಫೋನಿಗೂ ಅದನ್ನು ಮಾಡಿದವರಿಗೂ ಬಾಯಿಗೆ ಬಂದದ್ದನ್ನು ಬೈಯುತ್ತ ಬಾವಿಗೆ ಹೋಗಿ ಮೋಟರು ಹಾಕಿ ಬಂದೆ. “ನೀವರ ದಿನಾ ಎಲ್ಲಿಂದ ಬರ್ತೀರಿ?” ಎಂದರು ಅಣ್ಣನ ಹೆಂಡತಿ, ನನ್ನ ವೈನಿ, ಕಾಲಿಗೆ ನೀರು ಕೊಡುತ್ತ. ನಾಳೆ ನಾನು ಹೋದಮೇಲೆ ಅಣ್ಣ ಆ ಕೋಲು ಹಿಡಿಯುವುದು ಖಂಡಿತವಿತ್ತು.

ಮರುದಿನ ಮತ್ತೆ ಕೂತೆವು. ಮತ್ತೆ ಅದೇ ಪ್ರಶ್ನೆ. ಅಣ್ಣನ ಬೆರಳು ನಿಂತಿತು. ಅವನು ನನ್ನ ಮುಖ ನೋಡಿದ, ನಾನು ತುಟಿ ಬಿಗಿಹಿಡಿದು ಕೂತೆ.

“ಹೊರಗ ಹೋಗು ತಂಗಿ,” ಎಂದ. “ವೈನಿನ್ನೂ ಕರ್ಕೊಂಡ ಹೋಗು.”

ಚಹಾದ ಬಟ್ಟಲು ಹಿಡಿದು ಇಬ್ಬರೂ ಬೇವಿನ ಗಿಡದ ಕೆಳಗೆ ನಿಂತೆವು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ತುಸು ಹೊತ್ತಿಗೆ ದೂರದ ಬಾವಿಯಲ್ಲಿ ಮೋಟರು ಗುಂಯ್ ಎಂದಿತು.

“ಈಗ ಬಾ ಒಳಗ,” ಎಂದು ಅಣ್ಣ ಕೂಗಿದ. “ಅದರದು ಕೇಳೂದ ಮುಗೀತು.”